ಬೆರಳು ಕಾಣುವಷ್ಟು ಡೇಟಾ

ನಿನ್ನ ಅಣ್ಣನ ಕೋಣೆ
ಭಾನುವಾರ, ಮಧ್ಯಾಹ್ನ

ಇವಳೇ,

ಹೀಗೆ ಕರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಎರಡು ವರ್ಷದ ಹಿಂದೆ ನೀನು ಹೊಲಿಗೆ ಯಂತ್ರವನ್ನು ಬಾಡಿಗೆ ಗಾಡಿಗೆ ಹೇರಿಸಿಕೊಂಡು ನಿನ್ನಪ್ಪನ ಮನೆಗೆ ಹೋದಾಗ ಅದನ್ನೂ ಜೊತೆಗೆ ಒಯ್ದಿರಬಹುದು. ಹೆಸರು ಹಿಡಿದು ಕರೆಯೋಣವೆಂದರೆ ನಾಲಿಗೆಗೆ ರೂಢಿಯಿಲ್ಲ. 'ಮಾನ್ಯರೇ' ಎಂದು ಶುರು ಮಾಡಿದರೆ ನೀರಿನ ಬಿಲ್ಲಿನ ನೋಟಿಸು ಬಂದಂತಿರುತ್ತದೆ. ಹಳೆಯದೇ ಇರಲಿ.

ನೀನು ಫೋನ್ ಎತ್ತುತ್ತಿಲ್ಲ. ಮೆಸೇಜು ಕಳಿಸಿದರೆ ಓದಿದ ಗುರುತು ಬೀಳುತ್ತದೆ, ಉತ್ತರ ಬೀಳುವುದಿಲ್ಲ. ನಿನ್ನಿಂದ ಕೊನೆಗೆ ಬಂದದ್ದು ಅವತ್ತಿನದೇ: "ಸಾಯೋನ ಹತ್ರಾನೂ ಜುಗ್ಗತನ ಮಾಡಿದ್ರಲ್ಲ, ಇನ್ನೊಂದಿಷ್ಟು ಡೇಟಾ ಹಾಕ್ಸೋಕೆ ನಿಮ್ಮ ಕೈ ಬರ್ಲಿಲ್ವಾ?" ನಿನ್ನ ಅಣ್ಣನ ಜೊತೆ ನೀನು ಮಾತಾಡುತ್ತಿದ್ದಾಗಲೇ ಪರದೆ ಕಪ್ಪಾಯಿತು, ಮತ್ತೆ ಬೆಳಗಲಿಲ್ಲ, ಸಂಜೆಯೊಳಗೆ ಅವನು ಹೋದ. ಡೇಟಾ ಮುಗಿದುಹೋಯಿತು ಎಂದು ನಾನೇ ನಿನಗೆ ಹೇಳಿದೆ. ಹಾಗಾಗಿ ನೀನು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ನಾನು ನಿನ್ನ ಜಾಗದಲ್ಲಿದ್ದರೆ ಇದನ್ನೇ ಕೇಳುತ್ತಿದ್ದೆ, ಬಹುಶಃ ಪ್ರಾಸ ಸೇರಿಸಿ.

ಫೋನಿನಲ್ಲಿ ಆಗದ್ದು ಕಾಗದದಲ್ಲಿ ಆದೀತೇನೋ ಎಂದು ಬರೆಯುತ್ತಿದ್ದೇನೆ. ನನಗಿಂತ ಮುಂಚೆ ಊರಿಗೆ ಹೊರಡುವ ಭಾವನ ಸಾಮಾನಿನ ಪೆಟ್ಟಿಗೆಯೊಳಗೆ ಇದನ್ನು ಇಡುತ್ತೇನೆ. ಪೆಟ್ಟಿಗೆಯನ್ನು ನೀನು ತೆರೆಯದೆ ಇರಲಾರೆ.

ಡೇಟಾದ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ. ಜುಗ್ಗತನದ ಆಪಾದನೆ ಹೊತ್ತವನಿಗೆ ಅಷ್ಟು ಅವಕಾಶ ಕೊಡು.

ನೀನು ಹೋಗಬೇಕಾಗಿದ್ದ ಕಡೆ ನಾನು ಬಂದೆ. ನಿನ್ನ ಪಾಸ್‌ಪೋರ್ಟ್ ನವೀಕರಣ ಸಿಕ್ಕಿಹಾಕಿಕೊಂಡದ್ದು ವಿಳಾಸದಿಂದ. ವಿಚಾರಣೆಗೆ ಬಂದ ಪೊಲೀಸಿನವರು ಹಳೇ ಮನೆಯ ಬಾಗಿಲು ತಟ್ಟಿ, ಇವರು ಇಲ್ಲೇ ಇರೋದಾ ಎಂದು ಕೇಳಿದರು. ಮುಂಚೆ ಇದ್ರು, ಈಗ ಇಲ್ಲ ಅಂದೆ. ಪತ್ರಿಕೆಯ ಕರಡು ತಿದ್ದುವವನ ಬಾಯಲ್ಲಿ ಇನ್ನೇನು ಬಂದೀತು? ಇದ್ದದ್ದು ಇದ್ದಂತೆ. ಆ ಒಂದು ನಿಜ ನಿನ್ನನ್ನು ಅಲ್ಲೇ ಕಟ್ಟಿಹಾಕಿತು. ಅಷ್ಟರಲ್ಲಿ ಈ ಪರದೇಶದಲ್ಲಿ ಭಾವ ದುಡಿಯುತ್ತಿದ್ದ ಕಲ್ಲಿನ ಕಾರ್ಖಾನೆಯ ಮೇಸ್ತ್ರಿಯಿಂದ ಸುದ್ದಿ ಬಂತು: ಭಾವನ ಶ್ವಾಸಕೋಶದಲ್ಲಿ ಕಲ್ಲಿನ ಪುಡಿ ತುಂಬಿ ಗಟ್ಟಿಯಾಗಿದೆ, ವೈದ್ಯರು ಕೈಚೆಲ್ಲಿದ್ದಾರೆ, ಮನೆಯವರು ಯಾರಾದರೂ ಬರುವುದಿದ್ದರೆ ಈಗಲೇ ಬರಲಿ. ಪಾಸ್‌ಪೋರ್ಟ್ ಇದ್ದದ್ದು ನನ್ನೊಬ್ಬನ ಹತ್ತಿರ. ನೀನು ಎರಡು ವರ್ಷದಲ್ಲಿ ಮೊದಲ ಸಲ ನಮ್ಮ ಮನೆ ಮೆಟ್ಟಿಲು ಹತ್ತಿದೆ. ಒಳಗೆ ಬರಲಿಲ್ಲ. ಹೊಸಿಲಾಚೆಯಿಂದಲೇ ಟ್ಯಾಬ್ಲೆಟ್ ಕೈಗಿಟ್ಟು, "ಫೋನಲ್ಲಿ ಮಾಡ್ಬೇಡಿ, ಒಂದು ಕೈ ಕಂಡ್ರೆ ಇನ್ನೊಂದು ಕಾಣಲ್ಲ. ಇದರಲ್ಲಿ ಎರಡೂ ಕಾಣತ್ತೆ. ದಿನಾ ಮಾಡಿ," ಎಂದು ಹೇಳಿ ಇಳಿದು ಹೋದೆ.

ಹುಟ್ಟಿನಿಂದ ಕಿವಿ ಕೇಳದ ಅಣ್ಣ, ಅವನ ಹಿಂದೆ ಮುಂದೆ ಸುತ್ತುತ್ತಿದ್ದ ತಂಗಿ. ನೀವಿಬ್ಬರೂ ಸೇರಿ ಹಿತ್ತಲಲ್ಲಿ ಕಟ್ಟಿಕೊಂಡ ಕೈಮಾತು ಯಾವ ಶಾಲೆಯಲ್ಲೂ ಕಲಿಸುವಂಥದ್ದಲ್ಲ. ನಿಮ್ಮ ಅಮ್ಮನಿಗೆ ಬರುತ್ತಿತ್ತು, ಅವರು ಹೋದರು. ನಿನ್ನಪ್ಪನಿಗೆ ಬರುವುದು ಎರಡೇ: ಬಾ, ಊಟ. ನನಗೆ ಅದೂ ಇಲ್ಲ. ಹಾಗಾಗಿ ನೀನು ಅವನಿಗೆ ಕಾಣದಿದ್ದರೆ ಅವನ ಪಾಲಿಗೆ ಜಗತ್ತೇ ಮೂಕ. ಕೊನೆಯ ದಿನಗಳಲ್ಲಿ ಅವನು ತಂಗಿಯ ಜೊತೆ ಮಾತಾಡಬೇಕು, ಅಷ್ಟೇ. ನನ್ನ ಕೆಲಸ ಟ್ಯಾಬ್ಲೆಟ್ ಹಿಡಿಯುವುದು. ಮಾತು ಬಲ್ಲವರಿಬ್ಬರ ನಡುವೆ ಬೆಲೆಯಿಲ್ಲದ ಒಂದು ಕಂಬ.

ಹೊರಡುವಾಗ ಹಾಕಿಸಿದ ಪ್ಯಾಕು ಇಳಿಯುವಾಗಲೇ ಕೊಟ್ಟಿತು ಶಾಕು. (ಕ್ಷಮಿಸು. ತಾನಾಗಿ ಬಂತು.) ನಮ್ಮ ಸಿಮ್ಮಿನ ರೋಮಿಂಗ್ ಎಂದರೆ ಅಂಚೆ ಚೀಟಿಯಷ್ಟು ಡೇಟಾ, ಅರಮನೆಯಷ್ಟು ಬೆಲೆ. ಮೊದಲ ದಿನ ನೀನು ಅಣ್ಣನಿಗೆ ಹೇಗಿದೀಯ ಎಂದು ಕೇಳಿ, ಅವನು ಉತ್ತರಕ್ಕೆ ಕೈ ಎತ್ತುವಷ್ಟರಲ್ಲಿ ಪ್ಯಾಕು ತೀರಿತು. ಆಸ್ಪತ್ರೆಯಲ್ಲಿ ಪುಕ್ಕಟೆ ವೈಫೈ ಇತ್ತು. ಅದರಲ್ಲಿ ಹವಾಮಾನ ನೋಡಬಹುದು, ಸುದ್ದಿ ಓದಬಹುದು. ವಿಡಿಯೊ ಕರೆಗೆ ಮಾತ್ರ ತಡೆ. ರೋಗಿಗಳಿಗೆ ವಿಶ್ರಾಂತಿ ಬೇಕಂತೆ. ಪಕ್ಕದ ಹಾಸಿಗೆಯ ಮುದುಕ ಫೋನಿನಲ್ಲಿ ಊರು ಹಾರಿಹೋಗುವ ಹಾಗೆ ಕೂಗಿ ಮಾತಾಡುತ್ತಿದ್ದ, ಅವನಿಗೆ ಯಾವ ತಡೆಯೂ ಇಲ್ಲ. ಒಂದು ಸದ್ದೂ ಮಾಡದ ನಿನ್ನಣ್ಣನ ಮಾತಿಗೆ ನಿಷೇಧ.

ಆಮೇಲೆ ನಿಲ್ದಾಣದ ಗೂಡಂಗಡಿಯಲ್ಲಿ ಪ್ರವಾಸಿಗರ ಸಿಮ್ ಕೊಂಡೆ. ಸಮುದ್ರ, ತೆಂಗಿನಮರ, ನಗುವ ದಂಪತಿ ಇದ್ದ ಲಕೋಟೆ. ಆ ದಂಪತಿಯನ್ನು ನೋಡಿಯೇ ಅನುಮಾನ ಬರಬೇಕಿತ್ತು. ಅದನ್ನು ನನ್ನ ಫೋನಿಗೆ ಹಾಕಿ, ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟು ಟ್ಯಾಬ್ಲೆಟ್ ಜೋಡಿಸಿದೆ. ಸಲೀಸಾಗಿ ಹತ್ತಿತು. ಒಂದು ವಾರಕ್ಕೆ ಆಗುವಷ್ಟಿದೆ ಎಂದು ಎದೆಯುಬ್ಬಿಸಿಕೊಂಡು ನಿನಗೂ ಹೇಳಿದೆ.

ಟ್ಯಾಬ್ಲೆಟ್ಟಿಗೆ ಹಾಟ್‌ಸ್ಪಾಟ್ ಯಾವುದು, ಮನೆಯ ವೈಫೈ ಯಾವುದು ಎಂಬ ಭೇದ ತಿಳಿಯುವುದಿಲ್ಲವೆಂದು ಯಾರಿಗೆ ಗೊತ್ತಿತ್ತು? ಅದು ತಾನು ನಿನ್ನ ಹೊಲಿಗೆ ಅಂಗಡಿಯಲ್ಲೇ ಇದ್ದೇನೆಂದುಕೊಂಡು ಹಾಯಾಗಿ ಕೆಲಸಕ್ಕಿಳಿಯಿತು. ನೀನು ಗಿರಾಕಿಗಳಿಗೆ ತೋರಿಸಲು ತೆಗೆದಿಟ್ಟಿದ್ದ ರವಿಕೆ ಕತ್ತಿನ ಫೋಟೊಗಳು, ತೋಳಿನ ಫೋಟೊಗಳು, ಬೆನ್ನಿನ ಫೋಟೊಗಳು, ಒಂದನ್ನೂ ಬಿಡದೆ ಎಲ್ಲವನ್ನೂ ಎಲ್ಲಿಯೋ ಮೇಲಕ್ಕೆ ಸಾಗಿಸಿತು. ಮರುದಿನ ನಿನ್ನಣ್ಣ ಅಮ್ಮನ ಬಗ್ಗೆ ಏನೋ ಹೇಳುತ್ತಿದ್ದ, ನೀನು ಸೆರಗು ಬಾಯಿಗಿಟ್ಟುಕೊಂಡಿದ್ದೆ, ಅಲ್ಲಿಗೆ ಚಿತ್ರ ನಿಂತಿತು. ವಾರದ ಡೇಟಾ ಮುಗಿದಿತ್ತು. ನನಗೆ ನೀನು ಬೈದದ್ದು ಸರಿಯೇ. ಆದರೆ ತಿಂದದ್ದು ನಾನಲ್ಲ, ನಿನ್ನ ರವಿಕೆಗಳು.

ಆಸ್ಪತ್ರೆಯ ಎದುರಿಗೆ ಫೋನ್ ರಿಪೇರಿ ಅಂಗಡಿ ಇದೆ. ನಡೆಸುವವಳು ನಿನ್ನ ವಯಸ್ಸಿನವಳೇ. ಒಂದು ಕಣ್ಣಿಗೆ ಗಡಿಯಾರದವರ ಭೂತಗನ್ನಡಿ, ಇನ್ನೊಂದು ಕಣ್ಣು ಗಿರಾಕಿಯ ಮೇಲೆ. ನಮ್ಮಿಬ್ಬರಿಗೂ ಅರ್ಧಂಬರ್ಧ ಬರುವ ಭಾಷೆಯಲ್ಲಿ ಮಾತು. ಕನ್ನಡದಲ್ಲಿ ಹೇಳಿದರೆ ಹೀಗೆ: ಡೇಟಾ ಉಳೀಬೇಕಾ, ಚಿತ್ರ ಇಳಿಸಿ, ದನಿ ಚೆನ್ನಾಗೇ ಬರತ್ತೆ ಅಂದಳು. ದನಿ ಬೇಡ, ಚಿತ್ರ ಬೇಕು ಅಂದೆ. ಎಲ್ರೂ ದನಿ ಕೇಳ್ತಾರೆ, ನೀವೊಬ್ರೇ ಉಲ್ಟಾ ಅಂದಳು. ಕೈಯಲ್ಲಿ ಮಾತಾಡೋರು ಅಂದೆ. ಅವಳು ಭೂತಗನ್ನಡಿ ಕಳಚಿ ಕೆಳಗಿಟ್ಟಳು. ತನ್ನ ಫೋನಿನಿಂದಲೇ ಟ್ಯಾಬ್ಲೆಟ್ಟಿಗೆ ಕರೆ ಮಾಡಿ, ಅಂಗಡಿಯ ಆ ತುದಿಗೆ ಹೋಗಿ ನಿಂತು, ಬೆರಳು ಆಡಿಸುತ್ತಾ ಹೋದಳು. ನಾನು ಈ ತುದಿಯಲ್ಲಿ ಚಿತ್ರದ ಗುಣಮಟ್ಟ ಒಂದೊಂದೇ ಮೆಟ್ಟಿಲು ಇಳಿಸುತ್ತಾ ಬಂದೆ. ಎಲ್ಲಿ ಬೆರಳುಗಳು ಒಂದಕ್ಕೊಂದು ಕರಗಿ ಮುದ್ದೆಯಾದವೋ ಅಲ್ಲಿಂದ ಒಂದು ಮೆಟ್ಟಿಲು ಮೇಲೆ ನಿಲ್ಲಿಸಿದೆವು. ಬೆರಳು ಕಾಣುವಷ್ಟು ಡೇಟಾ ಅಂದರೆ ಅಷ್ಟು. ನಂತರ ಅವಳು ದನಿಯನ್ನೂ ಮುಚ್ಚಿದಳು, ತಾನಾಗಿ ಫೋಟೊ ಸಾಗಿಸುವುದನ್ನೂ ಮುಚ್ಚಿದಳು.

ಪ್ರವಾಸಿಗರಿಗೆ ಮಾರೋದು ಬರೀ ಲಕೋಟೆ, ಇಲ್ಲಿ ಇರೋರಿಗೆ ಕೊಡೋ ತಿಂಗಳ ಡೇಟಾ ತಗೊಳ್ಳಿ, ಟ್ಯಾಬ್ಲೆಟ್ಟಿಗೇ ಸಿಮ್ ಹಾಕೋಣ, ಅಗ್ಗ ಅಂದಳು. ಅದಕ್ಕೆ ಇಲ್ಲಿ ಇರುವವರ ಗುರುತಿನ ಚೀಟಿ ಬೇಕು. ಭಾವನದಿತ್ತು. ಅವನ ಹೆಸರಿಗೇ ತೆಗೆದುಕೊಂಡೆವು. ಕೊನೆಯಲ್ಲಿ ಒಂದು ತೊಡಕು: ಸಿಮ್ ಚಾಲೂ ಆಗಬೇಕಾದರೆ ಕಂಪನಿಯಿಂದ ಕರೆ ಬರುತ್ತದೆ, ಚೀಟಿಯಲ್ಲಿರುವವರೇ ಬಾಯಿಬಿಟ್ಟು ಹೌದು ಅನ್ನಬೇಕು.

ಇದನ್ನು ನಾನು ನಿನಗೆ ಹೇಳಿಲ್ಲ. ಹಾಸಿಗೆಯ ಪಕ್ಕ ಕೂತೇ ಕರೆ ತೆಗೆದುಕೊಂಡೆ. ಆಚೆಯಿಂದ ಒಬ್ಬಳು ನಿನ್ನಣ್ಣನ ಹೆಸರು ಹೇಳಿ, ಮಾತಾಡ್ತಿರೋದು ನೀವೇನಾ ಎಂದು ಕೇಳಿದಳು. ಹೌದು, ನಾನೇ ಅಂದೆ. ಹುಟ್ಟಿದ ದಿನ ಕೇಳಿದಳು, ಚೀಟಿ ನೋಡಿ ಹೇಳಿದೆ. ಭಾವ ನನ್ನ ತುಟಿಯನ್ನೇ ನೋಡುತ್ತಿದ್ದ. ವಿಷಯ ಅವನಿಗೆ ಮೊದಲೇ ಬರೆದು ತೋರಿಸಿದ್ದೆ. ಒಮ್ಮೆಲೇ ಕೈ ಚಾಚಿ ಅಂಗೈಯನ್ನು ನನ್ನ ಗಂಟಲಿನ ಮೇಲಿಟ್ಟ. ಕಲ್ಲು ಉಜ್ಜಿ ಉಜ್ಜಿ ರೇಖೆಗಳೇ ಮಾಸಿಹೋದ ಕೈ ಅದು. ಅವಳು ಇನ್ನೂ ಏನೇನೋ ಕೇಳಿದಳು, ನಾನು ಬೇಕೆಂತಲೇ ಉದ್ದುದ್ದ ಉತ್ತರ ಕೊಟ್ಟೆ, ಕೈ ತೆಗೆಯುವ ತನಕ. ಜನ್ಮದಲ್ಲಿ ಒಂದು ಸಲ ನಿನ್ನಣ್ಣ ಫೋನಿನಲ್ಲಿ ಮಾತಾಡಿದ. ದನಿ ಅಷ್ಟೇನೂ ಚೆನ್ನಾಗಿರಲಿಲ್ಲ, ಏನು ಮಾಡುವುದು, ಸಿಕ್ಕಿದ್ದು ನನ್ನದು.

ಅಲ್ಲಿಂದಾಚೆಗಿನ ದಿನಗಳು ನಿನಗೆ ಗೊತ್ತು. ಆದರೆ ನೀನು ನೋಡಿದ್ದು ಆ ಕಡೆಯಿಂದ. ಈ ಕಡೆಯಿಂದ ಹೇಗಿತ್ತೆಂದು ಹೇಳುತ್ತೇನೆ.

ನೀನು ಅಂಗಡಿ ಮುಚ್ಚಿ ಕೂರುವ ಹೊತ್ತಿಗೆ ಇಲ್ಲಿ ನಡುಹಗಲು. ಕಿಟಕಿಯಿಂದ ಒಳ್ಳೆಯ ಬೆಳಕು. ನಾನು ಮಂಚದ ಕಾಲ ಬಳಿ ಕೂತು ಟ್ಯಾಬ್ಲೆಟ್ಟನ್ನು ಎದೆಗೆ ಆನಿಸಿ ಹಿಡಿಯುತ್ತಿದ್ದೆ. ಪರದೆ ಅವನ ಕಡೆಗೆ, ಆದ್ದರಿಂದ ನಿನ್ನ ಮುಖ ನನಗೆ ಕಾಣುತ್ತಿರಲಿಲ್ಲ, ನಿನ್ನ ಮುಖದ ಬೆಳಕು ಅವನ ಮುಖದ ಮೇಲೆ ಬೀಳುವುದಷ್ಟೇ ಕಾಣುತ್ತಿತ್ತು. ಬೇಕಾದಾಗ ಅಣ್ಣನ ಕೈಯಲ್ಲಿ ದನಿ ತೆರೆಸಿ ನೀನು ನನಗೆ ಅಪ್ಪಣೆ ಕೊಡುತ್ತಿದ್ದೆ: "ರೀ, ಸ್ವಲ್ಪ ಮೇಲೆ." "ರೀ, ಅಲುಗಾಡ್ಬೇಡಿ." "ನಿಮ್ಮ ಹೆಬ್ಬೆರಳು ಅಡ್ಡ ಬರ್ತಿದೆ ನೋಡಿ." ಎರಡು ವರ್ಷದ ನಂತರ ಗಂಡ ಹೆಂಡತಿ ಇಷ್ಟು ಮಾತಾಡಿದ್ದೇ ಹೆಚ್ಚು. ನಾನು ಅಲುಗಾಡಲಿಲ್ಲ.

ಪಕ್ಕದ ಮುದುಕನಿಗೂ ಶ್ವಾಸದ್ದೇ ಕಾಯಿಲೆ. ಅವನ ಗಂಟಲೂ ದಿನದಿಂದ ದಿನಕ್ಕೆ ಕುಗ್ಗಿತು. ನಾಲ್ಕು ಮಾತಾಡಿದರೆ ಏದುಸಿರು, ಮುಖವಾಡ ಮೂಗಿಗೆ ಹಿಡಿಯಬೇಕು. ಭಾವನಿಗೆ ಉಸಿರಿಲ್ಲ, ಆದರೆ ಅವನ ಮಾತಿಗೆ ಉಸಿರು ಬೇಕಿರಲಿಲ್ಲ. ಆಮ್ಲಜನಕದ ಕೊಳವೆ ಮೂಗಿನಲ್ಲಿದ್ದಂತೆಯೇ ಗಂಟೆಗಟ್ಟಲೆ ಹರಟುತ್ತಿದ್ದ. ಮುದುಕ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದ. ನರ್ಸು ಒಂದು ದಿನ ಬಲಗೈ ಹಿಂಬದಿಗೆ ಸೂಜಿ ಚುಚ್ಚಿ ಪಟ್ಟಿ ಕಟ್ಟಿದಾಗ ನೀನು ಅಲ್ಲಿಂದಲೇ ಕಂಡುಹಿಡಿದೆ: "ಅವನು ತೊದಲ್ತಿದಾನೆ. ಕೈಗೆ ಏನು ಮಾಡಿದೀರಿ?" ನರ್ಸಮ್ಮನಿಗೆ ನಾನು ಹೋಗಿ ಹೇಳಿದೆ, ತಾಯಿ, ನೀವು ಚುಚ್ಚಿರೋದು ಅವನ ನಾಲಿಗೆಗೆ. ಅವಳು ಮೊದಲು ನಕ್ಕಳು, ಆಮೇಲೆ ನಗಲಿಲ್ಲ. ಸೂಜಿಯನ್ನು ಮೊಣಕೈ ಮೇಲಕ್ಕೆ ಬದಲಾಯಿಸಿದಳು. ಅಷ್ಟು ಮೇಲೆ ನರ ಸಿಗಲು ಕಷ್ಟವಾಯಿತು. ಭಾವ ಹಲ್ಲು ಕಚ್ಚಿಕೊಂಡು ಸಹಿಸಿದ.

ಕಾರ್ಖಾನೆಯವರು ಬಂದ ದಿನ ನಾನು ದಂಗಾದೆ. ಕಲ್ಲು ಕೊಯ್ಯುವ ಯಂತ್ರದ ಸದ್ದಿನಲ್ಲಿ ಅಲ್ಲಿ ಯಾರ ಕೂಗೂ ಯಾರಿಗೂ ಕೇಳುವುದಿಲ್ಲವಂತೆ. ಕಿವಿ ಇದ್ದವರೆಲ್ಲ ಮೂಗರಾಗಿ ನಿಂತಿರುವಾಗ ಮಾತು ಗೊತ್ತಿದ್ದವನು ನಿನ್ನಣ್ಣನೊಬ್ಬನೇ. ಅವನಿಂದ ಎಲ್ಲರೂ ಕಲಿತರು. ಬೇರೆ ಬೇರೆ ದೇಶದ ಗಂಡಸರು, ಒಬ್ಬನ ಭಾಷೆ ಇನ್ನೊಬ್ಬನಿಗೆ ಬರದು, ಸಾಲಾಗಿ ಮಂಚದ ಸುತ್ತ ನಿಂತು ನಿನ್ನ ಹಿತ್ತಲಿನ ಕೈಮಾತಿನಲ್ಲಿ ಹರಟಿದರು. ನೀರು ಅನ್ನುವುದಕ್ಕೆ ನೀನು ಮಾಡುವ, ಬಾವಿಯಿಂದ ಹಗ್ಗ ಸೇದುವ ಸನ್ನೆಯನ್ನೇ ಅವರೂ ಮಾಡುತ್ತಾರೆ. ಅವರಲ್ಲಿ ಬಾವಿ ನೋಡಿದವರು ಎಷ್ಟು ಜನವೋ. ನೀನು ಆ ದಿನ ಪರದೆಯಲ್ಲಿ ಅತ್ತೆಯೆಂದು ಮೇಸ್ತ್ರಿ ಹೇಳಿದ. ನನಗೆ ಕಾಣಲಿಲ್ಲ.

ನಿಮ್ಮ ಹರಟೆಯಲ್ಲಿ ಆಗಾಗ ಭಾವನ ಕಣ್ಣು ನನ್ನ ಕಡೆ ಹೊರಳುತ್ತಿತ್ತು, ಬಲಗೈಯ ಬೆರಳು ಚಿವುಟಿ ಕೆಳಕ್ಕೆ ಬಿಡುತ್ತಿದ್ದ, ಮತ್ತೆ ಚಿವುಟಿ ಬಿಡುತ್ತಿದ್ದ. ಏನಂದ ಎಂದು ಕೇಳಿದರೆ ನೀನು, "ಏನಿಲ್ಲ, ನೀವು ಹಿಡ್ಕೊಳ್ಳಿ." ಮೇಸ್ತ್ರಿಯನ್ನು ಕೇಳಿ ತಿಳಿದೆ. ಅದು ನನ್ನ ಹೆಸರಂತೆ. ಸೋರುವ ನಲ್ಲಿ. ಮದುವೆಯಾದ ವರ್ಷವೇ ನೀನು ಇಟ್ಟದ್ದಂತೆ. ನನ್ನ ಪ್ರಾಸ ತೊಟ್ಟಿಕ್ಕುವ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ಅಣ್ಣನಿಗೆ ದೂರು ಹೇಳುವಾಗ. ಇಷ್ಟು ವರ್ಷ ಹೆಸರಿಲ್ಲದೆ ಇದ್ದೆನೆಂದುಕೊಂಡಿದ್ದೆ. ಪರವಾಗಿಲ್ಲ, ಹೆಸರು ಹೊಂದುತ್ತದೆ.

ಅದರಿಂದಲೇ ಅವನಿಗೂ ನನಗೂ ಸ್ನೇಹವಾದದ್ದು. ಪ್ರಾಸ ಅಂದರೇನು ಎಂದು ಚೀಟಿಯಲ್ಲಿ ಬರೆದು ಕೇಳಿದ. ಕಿವಿ ಕೇಳದವನಿಗೆ ಪ್ರಾಸ ತಿಳಿಸುವುದು ಹೇಗೆ? ಮದುವೆ ಕರೆಯೋಲೆಗಳಿಗೆ ಚುಟುಕ ಬರೆದುಕೊಟ್ಟು ಬೆರಳೆಣಿಸುವ ನನ್ನ ಪಾಂಡಿತ್ಯವೆಲ್ಲ ಅಲ್ಲಿಗೆ ತೀರಿತು. ಒಂದೇ ಥರದ ಬಾಲ ಇರೋ ಎರಡು ಮಾತು ಎಂದು ಬರೆದೆ. ಅವನು ಅಂಗೈ ಮಡಚಿ ಗೂಡು ಮಾಡಿ ಎದೆಗಿಟ್ಟ: ಮನೆ. ಅದೇ ಗೂಡನ್ನು ಬಿಚ್ಚದೆ ತಲೆಯ ಮೇಲಿಟ್ಟ: ಅಮ್ಮ. ನೋಡು, ಎರಡಕ್ಕೂ ಕೈ ಒಂದೇ, ಜಾಗ ಬೇರೆ. ಆಮೇಲೆ ಬಿಡಲೇ ಇಲ್ಲ. ದಿನಾ ನಾನು ಬಂದು ಕೂತ ಕೂಡಲೇ ಒಂದು ಹೊಸ ಜೋಡಿ ಸಿದ್ಧವಾಗಿರುತ್ತಿತ್ತು. ಕೈಗೂ ಪ್ರಾಸವಿದೆ ಎಂಬುದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಹದಿನೈದು ವರ್ಷ ನಿನ್ನ ಜೊತೆ ಒಂದೇ ಸೂರಿನಡಿ ಇದ್ದಾಗ ತಿಳಿದಿದ್ದರೆ ನಿನ್ನನ್ನು ಸದ್ದಿಲ್ಲದೆ ನಗಿಸಬಹುದಿತ್ತು.

ಅವನ ಉಸಿರು ಆ ವಾರ ಇಳಿಯುತ್ತಾ ಹೋಯಿತು. ಕೈಗಳು ಮೊದಲು ಭುಜದ ಎತ್ತರದಲ್ಲಿ ಆಡುತ್ತಿದ್ದವು, ಆಮೇಲೆ ಎದೆಯ ಮಟ್ಟಕ್ಕೆ, ಆಮೇಲೆ ಹೊದಿಕೆಯ ಮೇಲೇ. ಮುದುಕನ ದನಿ ಸಣ್ಣಗಾಗುತ್ತಿದ್ದ ಹಾಗೆ ಇವನ ಸನ್ನೆಗಳೂ ಸಣ್ಣಗಾದವು. ನೀನು ಟ್ಯಾಬ್ಲೆಟ್ಟನ್ನು ಹತ್ತಿರ ಹಿಡಿಯಿರಿ, ಇನ್ನೂ ಹತ್ತಿರ ಎನ್ನುತ್ತಿದ್ದೆ. ಕೊನೆಕೊನೆಗೆ ನಾನು ಮಂಚದ ಮೇಲೇ ಬಾಗಿ ನಿಲ್ಲಬೇಕಾಯಿತು.

ಆ ದಿನದ ವಿಷಯ. ನೀನು ನೋಡಿದಷ್ಟು ನಿನಗೆ ಗೊತ್ತಿದೆ. ನಾನು ಹೇಳಿದ್ದೂ ಗೊತ್ತಿದೆ. ಡೇಟಾ ಮುಗಿಯಿತು ಅಂದೆ. ಹಾಗೇ ಇರಲಿ. ನನ್ನ ಮೇಲೆ ನಿನಗಿರುವ ದೂರುಗಳ ಸಾಲಿನಲ್ಲಿ ಇದೂ ಒಂದು. ಉಳಿದವುಗಳ ಜೊತೆ ಹೊಂದಿಕೊಂಡು ಹೋಗುತ್ತದೆ.

ದೇಹದ ಜೊತೆ ಕಾರ್ಖಾನೆಯವರು ಮೇಸ್ತ್ರಿಯನ್ನು ಕಳಿಸಿದರು. ಇಲ್ಲಿಯ ಸಹಿಗಳಿಗೆ, ಕೋಣೆ ಖಾಲಿ ಮಾಡುವುದಕ್ಕೆ ಮನೆಯವರೊಬ್ಬರು ಉಳಿಯಬೇಕಿತ್ತು, ನಾನು ಉಳಿದೆ. ನಾನು ಬಂದು ನಿನ್ನೆದುರು ನಿಲ್ಲುವುದಕ್ಕಿಂತ ಅದೇ ವಾಸಿ ಎಂದೂ ಅನ್ನಿಸಿತು. ಮೇಸ್ತ್ರಿ ವಾಪಸು ಬಂದವನು ನಿಮ್ಮ ಮನೆಯ ಸುದ್ದಿ ಹೇಳಿದ. ಬಾಗಿಲಲ್ಲಿ ನಿಂತು ಅವನು ನಿನ್ನದೇ ಕೈಮಾತಿನಲ್ಲಿ 'ನಿನ್ನ ಅಣ್ಣ ಒಳ್ಳೆಯವನು' ಎಂದಾಗ ನೀನು ಅಲ್ಲೇ ಕುಸಿದು ಕೂತೆಯಂತೆ. ಆಮೇಲೆ ಎದ್ದು ಅವನಿಗೆ ಊಟಕ್ಕೆ ಬಡಿಸಿದೆಯಂತೆ. ನನ್ನ ಬಗ್ಗೆ ಏನಾದ್ರೂ ಕೇಳಿದ್ಳಾ ಎಂದೆ. ಅವನು ನೆಲ ನೋಡಿದ. ಕೇಳಿದ್ದು ತಪ್ಪಾಯಿತು ಅನ್ನಿಸಿತು.

ಕೋಣೆ ಸಣ್ಣದು. ಮಂಚ, ಒಂದು ಕಪಾಟು, ಬಾಗಿಲಿನ ಮೇಲೆ ಕರೆಗಂಟೆಯ ಬದಲು ಅವನೇ ಜೋಡಿಸಿಕೊಂಡ ಒಂದು ಕೆಂಪು ದೀಪ. ಹೊರಗೆ ಯಾರಾದರೂ ಗುಂಡಿ ಒತ್ತಿದರೆ ಅದು ಹತ್ತುತ್ತದೆ. ನಿನ್ನೆ ಕೋಣೆಯ ಮಾಲೀಕರು ಬಂದು ಒತ್ತಿದಾಗ ನಾನು ಬೆನ್ನು ಹಾಕಿ ಬಟ್ಟೆ ಮಡಚುತ್ತಿದ್ದೆ, ಕಾಣಲಿಲ್ಲ. ಅವರು ಬಹಳ ಹೊತ್ತು ನಿಂತು ಹೊರಟುಹೋದರು. ಅವನ ಕೋಣೆಯಲ್ಲಿ ಕಿವಿ ಇದ್ದವನೇ ಕಿವುಡ.

ಪೆಟ್ಟಿಗೆಯಲ್ಲಿ ಅವನ ಉಳಿಗಳಿವೆ, ಅಂಚು ಉಜ್ಜುವ ಬಿಲ್ಲೆಗಳಿವೆ, ನಿನಗೆಂದು ಕಪ್ಪು ಕಲ್ಲಿನಲ್ಲಿ ಕೊರೆದ ಒಂದು ಗುಂಡಿ ಡಬ್ಬಿ ಇದೆ. ಮುಚ್ಚಳ ಪೂರ್ತಿ ಹೊಳಪು ಬಂದಿಲ್ಲ, ಅರ್ಧಕ್ಕೆ ನಿಂತಿದೆ. ಅವನ ಬಟ್ಟೆಗಳನ್ನು ಕಾರ್ಖಾನೆಯವರಿಗೆ ಕೊಟ್ಟೆ, ಅವರಿಗೆ ಬೇಕಿತ್ತು. ಟ್ಯಾಬ್ಲೆಟ್ಟೂ ಪೆಟ್ಟಿಗೆಯಲ್ಲೇ ಇದೆ, ನಿನ್ನ ರವಿಕೆಗಳ ಸಮೇತ. ನಿನ್ನಪ್ಪನಿಗೆ ಬಾ, ಊಟ ಬಿಟ್ಟು ಇನ್ನೊಂದೆರಡು ಸನ್ನೆ ಕಲಿಸು. ಈಗ ಯಾರ ಜೊತೆ ಆಡಲಿ ಎಂದು ಕೇಳಬೇಡ.

ಬರುವ ವಾರ ನಾನೂ ಊರಿಗೆ ಬರುತ್ತೇನೆ. ನಿನ್ನ ದಾರಿಗೆ ಅಡ್ಡ ಬರುವುದಿಲ್ಲ.

ನಿನ್ನ,
(ಈ ಪದವನ್ನು ಹೊಡೆದುಹಾಕಬೇಕಿದ್ದರೆ ನೀನೇ ಹೊಡೆದುಹಾಕು, ನನ್ನ ಕೈ ಬರುವುದಿಲ್ಲ)
ಸೋರುವ ನಲ್ಲಿ

ಸಹಿಯಾದ ಮೇಲೆ:

ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ಇದನ್ನು ಬರೆಯಬಾರದೆಂದೇ ಇದ್ದೆ. ಆದರೆ ಇದು ನನ್ನ ವಸ್ತುವಲ್ಲ, ನಿನ್ನದು. ಇಟ್ಟುಕೊಳ್ಳುವುದಕ್ಕೆ ನನಗೆ ಹಕ್ಕಿಲ್ಲ.

ಡೇಟಾ ಮುಗಿದಿರಲಿಲ್ಲ. ಟ್ಯಾಬ್ಲೆಟ್ ತೆರೆದು ನೋಡು, ಅರ್ಧಕ್ಕಿಂತ ಹೆಚ್ಚು ಇನ್ನೂ ಹಾಗೇ ಇದೆ.

ಅವತ್ತು ಬೆಳಿಗ್ಗೆ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಹೆಚ್ಚು ಹೊತ್ತಿಲ್ಲ ಎಂದು ಹೇಳಿದ್ದರು. ನಾನು ಭಾವನಿಗೆ ಏನೂ ತಿಳಿಸಲಿಲ್ಲ, ಆದರೆ ಮುಖ ಓದುವುದೇ ಕಸುಬಾದವನಿಂದ ಬಚ್ಚಿಡುವುದು ಹೇಗೆ? ನೀನು ಕಾಣಿಸಿಕೊಂಡಾಗ ಅವನು ನಕ್ಕ. ಸ್ವಲ್ಪ ಹೊತ್ತು ಎಲ್ಲ ಸರಿಯಿತ್ತು. ಆಮೇಲೆ ಉಸಿರು ಸಿಕ್ಕಲಿಲ್ಲ, ತುಟಿ ನೀಲಿಗಟ್ಟಿತು, ನೀನು ಅದನ್ನು ನೋಡಿದೆ. ನಾನು ಬಾಗಿ ನಿಂತಿದ್ದೆನಾದ್ದರಿಂದ ಆ ವಾರದಲ್ಲಿ ಮೊದಲ ಸಲ ನಿನ್ನ ಮುಖ ನನಗೂ ಕಂಡಿತು. ನೀನು ಒಂದೇ ಸನ್ನೆಯನ್ನು ಮತ್ತೆ ಮತ್ತೆ ಮಾಡುತ್ತಿದ್ದೆ. ಅವನು ಕೈ ಚಾಚಿ ಟ್ಯಾಬ್ಲೆಟ್ಟಿನ ಹೊದಿಕೆಯನ್ನು ಮುಚ್ಚಿದ. ನಾನಲ್ಲ, ಅವನು. ನಾನು ತೆರೆಯಲು ಹೋದೆ. ಅಂಗೈ ಅದರ ಮೇಲೊತ್ತಿ ಹಿಡಿದ. ಉಸಿರೇ ಇಲ್ಲದವನ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಕಿಸೆಯಲ್ಲಿ ನನ್ನ ಫೋನು ಬಡಿದುಕೊಳ್ಳುತ್ತಿತ್ತು, ನೀನೇ ಎಂದು ಗೊತ್ತಿತ್ತು. ನಿನ್ನಣ್ಣ ನಿನ್ನ ಮುಖದ ಮೇಲೆ ಬಾಗಿಲು ಹಾಕಿದ ಎಂದು ಹೇಳಲು ನನ್ನಿಂದಾಗಲಿಲ್ಲ. ಡೇಟಾದ ಮೇಲೆ ಹಾಕಿದೆ. ನನ್ನ ಜುಗ್ಗತನವನ್ನು ನೀನು ನಂಬುತ್ತೀಯ ಎಂಬ ಧೈರ್ಯವಿತ್ತು.

ಬರೆಯಬೇಕಾದದ್ದು ಇದಲ್ಲ, ಇನ್ನು ಮುಂದಿನದು. ಮುಚ್ಚಿದ ಮೇಲೆ ಅವನು ನನ್ನ ಜೊತೆ ಮಾತಾಡಿದ. ಕಪ್ಪಾದ ಪರದೆಯ ಕಡೆ ಬೊಟ್ಟು ಮಾಡಿ, ಅಂಗೈಯನ್ನು ಮಂಚದ ಪಕ್ಕ ಕೆಳಗೆ ಹಿಡಿದ, ಚಿಕ್ಕ ಮಗುವಿನ ತಲೆಯ ಎತ್ತರಕ್ಕೆ. ಎರಡು ಕಿವಿಯಿಂದ ಭುಜದ ತನಕ ಬೆರಳು ಇಳಿಸಿದ: ಎರಡು ಜಡೆ. ಅದು ನೀನು. ತನ್ನ ಕಣ್ಣಿನ ಮೇಲೆ ಕೈಯಿಟ್ಟು, ಬೇಡ ಎಂದು ತಲೆಯಾಡಿಸಿದ: ಅವಳು ಇದನ್ನು ನೋಡುವುದು ಬೇಡ. ಇಷ್ಟು ನನಗೂ ತಿಳಿಯಿತು.

ಅದರ ನಂತರ ಅವನು ಬಹಳ ಹೇಳಿದ. ಅದು ನನಗೆ ಹೇಳಿದ್ದಲ್ಲ, ನಿನಗೆ. ಎರಡೂ ಕೈಯಲ್ಲಿ, ಹೊದಿಕೆಯ ಮೇಲೆ ಸಣ್ಣಗೆ, ನಡುವೆ ನಿಲ್ಲುತ್ತಾ. ಮುಗಿದ ಮೇಲೆ ನನ್ನ ಮುಖ ನೋಡಿ, ದಡ್ಡ ಹುಡುಗನಿಗೆ ಪಾಠ ಹೇಳುವವರಂತೆ ಮತ್ತೊಮ್ಮೆ ಮೊದಲಿನಿಂದ ಮಾಡಿದ. ನಾನು ಅವನೆದುರೇ ಮಾಡಿ ತೋರಿಸಿದೆ. ಒಂದು ಕಡೆ ತಪ್ಪಿದೆ, ನನ್ನ ಬೆರಳು ಹಿಡಿದು ತಿದ್ದಿದ. ಸರಿಯಾಯಿತು ಅನ್ನಿಸಿದಾಗ ಕಣ್ಣು ಮುಚ್ಚಿದ.

ಒಂದು ಪದವೂ ನನಗೆ ಅರ್ಥವಾಗಿಲ್ಲ. ಮೇಸ್ತ್ರಿಗೆ ತೋರಿಸಿದ್ದರೆ ಹೇಳುತ್ತಿದ್ದ, ತೋರಿಸಲಿಲ್ಲ. ಪುಟಗಟ್ಟಲೆ ಬರೆಯಬಲ್ಲ ನಾನು ಅದನ್ನು ಕಾಗದಕ್ಕಿಳಿಸಲು ನಾಲ್ಕು ಸಲ ಕೂತು ಸೋತೆ. ಹೆಬ್ಬೆರಳು ಒಳಗೋ ಹೊರಗೋ ಎಂದು ಬರೆಯಬಹುದು, ಎಷ್ಟು ಮೆಲ್ಲಗೆ ಎಂದು ಬರೆಯಲಾಗುವುದಿಲ್ಲ. ಮರೆತುಹೋದೀತೆಂದು ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಒಂದು ಸಲ ಮಾಡುತ್ತೇನೆ. ಇಲ್ಲಿಯ ತನಕ ಮರೆತಿಲ್ಲ.

ಊರಿಗೆ ಬಂದ ದಿನ ನೇರ ನಿಮ್ಮ ಮನೆಗೇ ಬರುತ್ತೇನೆ. ಅಡ್ಡ ಬರುವುದಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಕೋ. ಒಳಗೆ ಕರೆಯಬೇಡ, ಮಾತಾಡಿಸಬೇಡ. ಬಾಗಿಲು ತೆರೆದು ಬೆಳಕಿರುವ ಕಡೆ ನಿಂತುಕೋ, ಸಾಕು. ಅವನು ಹೇಳಿದ್ದನ್ನು ಹೇಳಿ ಹೊರಟುಬಿಡುತ್ತೇನೆ.